ಗುಡ್ಡ ಕಾಯುವವನಿಗೂ ನೀರಿನ ಪಾಲು

ಬೆಟ್ಟದ ಸೀಮೆಯ ರೈತನ ಬಡತನದ ಮಾತು ಬಂದಾಗಲೆಲ್ಲ ಪಟ್ಟಣದ ವಿದ್ಯಾವಂತರ ಬಾಯಲ್ಲಿ ಒಂದು ಸಿದ್ಧ ಉತ್ತರವಿರುತ್ತದೆ. ಅವರಿಗೆ ತಿಳಿವಳಿಕೆ ಸಾಲದು. ಮೇಕೆ ಬಿಟ್ಟು ಗುಡ್ಡವನ್ನು ಬೋಳು ಮಾಡಿದರು, ಈಗ ಅನುಭವಿಸುತ್ತಿದ್ದಾರೆ ಎನ್ನುತ್ತಾರೆ. ಈ ಉತ್ತರ ಎಷ್ಟು ಪೊಳ್ಳು ಎಂಬುದನ್ನು ಹರಿಯಾಣದ ಒಂದು ಸಣ್ಣ ಹಳ್ಳಿ ಸುಮಾರು 50 ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತು. ಆ ಹಳ್ಳಿಯ ಹೆಸರು ಸುಖೋಮಾಜ್ರಿ. ಅದು ಎದ್ದ ಕತೆಯನ್ನು ಹಲವರು ಹೇಳಿದ್ದಾರೆ. ಎದ್ದದ್ದು ಯಾವುದರಿಂದ, ಕುಗ್ಗಿದ್ದು ಯಾವುದರಿಂದ ಎಂಬುದನ್ನು ನಮ್ಮ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಒಟ್ಟಿಗೆ ಕೂತು ಯೋಚಿಸಬೇಕಾಗಿದೆ.

ಹಿಮಾಲಯದ ಬುಡದಲ್ಲಿ ಶಿವಾಲಿಕ್ ಎಂಬ ಬೆಟ್ಟಸಾಲಿದೆ. ಅಲ್ಲಿಯ ಮಣ್ಣು ಸಡಿಲ. ಜೋರು ಮಳೆ ಬಿದ್ದರೆ ಗುಡ್ಡವೇ ಕರಗಿ ಹಳ್ಳಕ್ಕಿಳಿಯುತ್ತದೆ. ಚಂಡೀಗಢ ನಗರವನ್ನು ಕಟ್ಟುವಾಗ 1958ರಲ್ಲಿ ಸುಖನಾ ಎಂಬ ಕೆರೆಯನ್ನೂ ಕಟ್ಟಿದರು. 1970ರ ದಶಕದ ನಡುವಿನ ಹೊತ್ತಿಗೆ ಆ ಕೆರೆಯ ಅರ್ಧಕ್ಕಿಂತ ಹೆಚ್ಚು ಭಾಗ ಹೂಳಿನ ಪಾಲಾಗಿತ್ತು. ಹೂಳಿನ ಮೂಲವನ್ನು ಹುಡುಕುತ್ತ ಹೋದ ಕೇಂದ್ರ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಸಂಸ್ಥೆಯ ಪಿ. ಆರ್. ಮಿಶ್ರಾ ಅವರೂ ಅವರ ಸಂಗಡಿಗರೂ ಸುಖೋಮಾಜ್ರಿಯ ಬೋಳುಗುಡ್ಡಕ್ಕೆ ಬಂದು ಮುಟ್ಟಿದರು. ಅಲ್ಲಿದ್ದದ್ದು 60ರಷ್ಟು ಸಂಸಾರಗಳು. ಮಳೆಯನ್ನೇ ನಂಬಿದ ತುಂಡು ಹೊಲ, ಗುಡ್ಡದ ಮೇಲೆ ಮೇಯುವ ಮೇಕೆ ದನ, ಇಷ್ಟೇ ಅವರ ಬದುಕು.

ಗುಡ್ಡಕ್ಕೆ ಮೇಕೆ ಹತ್ತಿಸಬೇಡಿ ಎಂದು ಹೇಳುವುದು ಸುಲಭ. ಮೇಕೆ ಕಟ್ಟಿಹಾಕಿದ ದಿನ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಕೆಳಗಿನ ನಗರದವರು ದೋಣಿಯಲ್ಲಿ ವಿಹರಿಸುವ ಕೆರೆ ಉಳಿಯಲೆಂದು ಮೇಲಿನ ಬಡವ ಉಪವಾಸವಿರಬೇಕೆ? ಹಳ್ಳಿಗರು ಕೇಳಿದ್ದು ಇದನ್ನೇ. ಇದು ಅಜ್ಞಾನದ ಮಾತಲ್ಲ, ನ್ಯಾಯದ ಮಾತು.

ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು 1976ರಲ್ಲಿ ಕೊರಕಲಿಗೆ ಅಡ್ಡಲಾಗಿ ಮೊದಲ ಮಣ್ಣಿನ ಒಡ್ಡು ಕಟ್ಟಲಾಯಿತು. ಅಲ್ಲಿ ನಿಂತ ಮಳೆನೀರನ್ನು ಕೆಳಗಿನ ಹೊಲಗಳಿಗೆ ಹಾಯಿಸಿದಾಗ ಒಣಗುತ್ತಿದ್ದ ಗೋಧಿ ಚೇತರಿಸಿಕೊಂಡಿತು. ಆದರೆ ಮೊದಲಿಗೆ ಆ ನೀರು ದೊರೆತದ್ದು ಅದರ ದಾರಿಯಲ್ಲಿ ಹೊಲವಿದ್ದ ಕೆಲವರಿಗೆ ಮಾತ್ರ. ಭೂಮಿಯಿಲ್ಲದವನೂ ದೂರದ ಹೊಲದವನೂ ಗುಡ್ಡ ಕಾಯಬೇಕು, ಫಲ ಮಾತ್ರ ಬೇರೆಯವರಿಗೆ! ಅಂಥ ಕಾವಲು ಎಷ್ಟು ದಿನ ನಡೆದೀತು?

ಇಲ್ಲಿಯೇ ಸುಖೋಮಾಜ್ರಿ ದೊಡ್ಡ ಹೆಜ್ಜೆಯಿಟ್ಟಿತು. ಭೂಮಿ ಇರಲಿ, ಇಲ್ಲದಿರಲಿ, ಪ್ರತಿಯೊಂದು ಮನೆಗೂ ನೀರಿನಲ್ಲಿ ಸಮಪಾಲು ಎಂದು ಹಳ್ಳಿಯ ಸಂಘ ನಿರ್ಧರಿಸಿತು. ಭೂಮಿಯಿಲ್ಲದವನು ತನ್ನ ಪಾಲಿನ ನೀರನ್ನು ಹೊಲವಿದ್ದವನಿಗೆ ಮಾರಬಹುದು, ಇಲ್ಲವೆ ಅವನ ಜೊತೆ ಸೇರಿ ಬೆಳೆಯಲ್ಲಿ ಪಾಲು ಪಡೆಯಬಹುದು. ನೀರು ಜಮೀನಿನ ಬಾಲ ಹಿಡಿದು ಹೋಗುವುದು ತಪ್ಪಿ, ಮನುಷ್ಯನ ಹಕ್ಕಾಯಿತು. ಅಂದಿನಿಂದ ಗುಡ್ಡಕ್ಕೆ ಮುಳ್ಳುಬೇಲಿಯೂ ಬೇಕಾಗಲಿಲ್ಲ, ಪೋಲೀಸರೂ ಬೇಕಾಗಲಿಲ್ಲ. ಊರ ಒಪ್ಪಂದವೇ ಬೇಲಿಯಾಯಿತು.

ಮೇಕೆಗಳು ಕಡಿಮೆಯಾದವು, ಎಮ್ಮೆಗಳು ಹೆಚ್ಚಿದವು, ಹಾಲು ಪೇಟೆಗೆ ಬಂತು. ಗುಡ್ಡದಲ್ಲಿ ಭಬ್ಬರ್ ಹುಲ್ಲು ಎದ್ದಿತು. ಎಳೆಯದಾಗಿದ್ದಾಗ ದನಕ್ಕೆ ಮೇವು, ಬಲಿತ ಮೇಲೆ ಹಗ್ಗಕ್ಕೂ ಕಾಗದದ ಗಿರಣಿಗೂ ಸರಕು. ಹಿಂದೆ ಅರಣ್ಯ ಇಲಾಖೆ ಇದನ್ನು ಹರಾಜು ಹಾಕಿ ಗುತ್ತಿಗೆದಾರನಿಗೆ ಕೊಡುತ್ತಿತ್ತು. ಈಗ ಸಂಘವೇ ಗುತ್ತಿಗೆ ಹಿಡಿದು, ಬಂದ ಹಣವನ್ನು ಒಡ್ಡಿನ ದುರಸ್ತಿಗೂ ಊರ ಕೆಲಸಕ್ಕೂ ಬಳಸಿತು. ದೂರದ ಸುಖನಾ ಕೆರೆಗೆ ಇಳಿಯುತ್ತಿದ್ದ ಹೂಳೂ ತಗ್ಗಿತು.

ಮುಂದೆ ಆದದ್ದೇನು? 1990ರಲ್ಲಿ ಕೇಂದ್ರ ಸರ್ಕಾರ ಕಾಡಿನ ರಕ್ಷಣೆಯಲ್ಲಿ ಹಳ್ಳಿಗರನ್ನು ಸೇರಿಸಿಕೊಳ್ಳಿರೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸುಖೋಮಾಜ್ರಿಯೂ ಬಂಗಾಳದ ಅರಾಬಾರಿಯೂ ಅದಕ್ಕೆ ಮಾದರಿಗಳಾಗಿದ್ದವು. ಆದರೆ ಮಾದರಿಯನ್ನು ಹೊಗಳಿದವರೇ ಅದರ ಬೇರಿಗೆ ಕೈಹಾಕಿದರು. ಹುಲ್ಲಿನ ಆದಾಯ ಬೆಳೆಯುತ್ತಿದ್ದಂತೆ ಅದರಲ್ಲಿ ಇಲಾಖೆಯ ಪಾಲೂ ತೆರಿಗೆಯೂ ಬಂದು ಕೂತವು. ಒಡ್ಡುಗಳಲ್ಲಿ ಹೂಳು ಸೇರಿತು, ದುರಸ್ತಿಗೆ ಸಂಘದ ಕೈ ಸಾಲದಾಯಿತು. ಸಮಪಾಲು ಹೋಗಿ, ಹೊಲಕ್ಕೆ ಹಾಯಿಸಿದ ನೀರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟುವ ಪದ್ಧತಿ ಬಂತು. ಹೊಲವೇ ಇಲ್ಲದವನ ಕೈಯಲ್ಲಿ ಮಾರಲು ಏನು ಉಳಿಯಿತು? 2000ದ ನಂತರ ಸಂಘ ಬಲಗುಂದಿತು.

ಗಿರಣಿಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ಪಾದನೆ ಹೆಚ್ಚಿಸಿರೆಂದು ಭಾಷಣ ಮಾಡುವ ಮಾಲೀಕರು ಬೋನಸ್ಸಿನ ಮಾತು ಬಂದೊಡನೆ ನಷ್ಟದ ಲೆಕ್ಕ ತೆಗೆಯುವುದನ್ನು ಅವರು ಕಂಡಿದ್ದಾರೆ. ಗುಡ್ಡದ ಬಡವನಿಗೆ ಆದದ್ದೂ ಅದೇ. ವ್ಯಾಪಾರಿ ಮಿತ್ರರಿಗೂ ಒಂದು ಮಾತು: ಹಾಲಿನ ಹಣ, ಹುಲ್ಲಿನ ಹಣ ಹಳ್ಳಿಯವನ ಕೈಯಲ್ಲಿ ಓಡಾಡಿದರೆ ಮಾತ್ರ ಪೇಟೆಯ ತಕ್ಕಡಿ ತೂಗುತ್ತದೆ. ಬರಿಗೈಯವನು ಅಂಗಡಿಗೆ ಬಂದರೆ ಸಾಲದ ಪುಸ್ತಕವೇ ದಪ್ಪವಾಗುತ್ತದೆ.

ಒಡ್ಡು ಎಂದರೆ ಹೂಳು ತುಂಬುವುದು ಸಹಜ, ಎಲ್ಲ ತಪ್ಪೂ ಸರ್ಕಾರದ್ದೇ ಅಲ್ಲ ಎಂದು ಕೆಲವರು ಹೇಳಬಹುದು. ಒಪ್ಪೋಣ. ಊರಿನೊಳಗಿನ ಸೋಮಾರಿತನ, ಮನಸ್ತಾಪಗಳನ್ನೂ ನಾವು ಮುಚ್ಚಿಡುವುದಿಲ್ಲ. ಆದರೆ ಹೂಳು ಸುಖೋಮಾಜ್ರಿಗೆ ಹೊಸದಾಗಿರಲಿಲ್ಲ. ಪಾಲು ಇದ್ದಾಗ ಅವರು ಹೂಳನ್ನು ಎದುರಿಸಿದರು. ಪಾಲು ಕರಗಿದಾಗ ಕೈಬಿಟ್ಟರು.

ಇಂದು 2006ರ ಅರಣ್ಯ ಹಕ್ಕು ಕಾಯ್ದೆ ನಮ್ಮ ಮುಂದಿದೆ. ಅರಣ್ಯವಾಸಿಗಳ ಗ್ರಾಮಸಭೆಗೆ ತನ್ನ ಸಾಮುದಾಯಿಕ ಅರಣ್ಯವನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಅದು ಒಪ್ಪಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಇದರಡಿಯಲ್ಲೇ ಸಾಮುದಾಯಿಕ ಹಕ್ಕುಪತ್ರ ಪಡೆದರು. ಸುತ್ತೋಲೆಯನ್ನು ಒಬ್ಬ ಅಧಿಕಾರಿ ಬರೆದರೆ ಇನ್ನೊಬ್ಬ ಅಳಿಸಬಲ್ಲ. ಕಾನೂನಿನ ಹಕ್ಕನ್ನು ಅಷ್ಟು ಸುಲಭವಾಗಿ ಅಳಿಸಲಾಗದು, ಜನ ಎಚ್ಚರವಾಗಿದ್ದರೆ.

ಆದ್ದರಿಂದ ಬೆಟ್ಟದ ಸೀಮೆಯಲ್ಲಿ ಒಡ್ಡು ಕಟ್ಟುವ, ಸಸಿ ನೆಡುವ ಯೋಜನೆ ಹಿಡಿದು ಬರುವ ಪ್ರತಿಯೊಬ್ಬರನ್ನೂ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದರ ನೀರಿನಲ್ಲಿ, ಹುಲ್ಲಿನಲ್ಲಿ, ಮರದಲ್ಲಿ ಭೂಮಿಯಿಲ್ಲದವನ ಪಾಲೆಷ್ಟು, ಅದನ್ನು ಎಲ್ಲಿ ಬರೆದಿದ್ದೀರಿ? ಇದಕ್ಕೆ ಉತ್ತರ ಕೊಡದೆ ಜನರಿಂದ ಶ್ರಮದಾನ ಕೇಳುವುದು ದಾನವಲ್ಲ, ಬಿಟ್ಟಿ ಚಾಕರಿ.