ವರ್ಷ ಕಳೆದರೆ ಎಲ್ಲ ಮುಗಿಯಿತೇ?

ಬೆನ್ನುಹುರಿಗೆ ಪೆಟ್ಟಾಗಿ ವರ್ಷ ಕಳೆದ ಮೇಲೆ ಚಲನೆ ಮರಳದು, ಅದನ್ನು ಮರಳಿಸುವ ಸಂಶೋಧನೆ ಬರೀ ಹುಸಿ ಆಸೆ ಎಂದು ಲೇಖನವೊಂದು ವಾದಿಸಿದೆ. ಅದರ ಲೇಖಕರ ಈ ವಾದ ತಪ್ಪು.

ನೆದರ್‌ಲೆಂಡ್ಸ್‌ನ ಗೆರ್ಟ್-ಯಾನ್ ಓಸ್ಕಮ್ 2011ರಲ್ಲಿ ಸೈಕಲ್ ಅಪಘಾತಕ್ಕೆ ಸಿಕ್ಕಿದವರು. ಅವರ ಮಿದುಳಿನ ಸಂಕೇತಗಳನ್ನು ಗಾಯದ ಆಚೆಗಿನ ಬೆನ್ನುಹುರಿಗೆ ತಲುಪಿಸುವ ಸಾಧನವನ್ನು ಸ್ವಿಟ್ಜರ್‌ಲೆಂಡಿನ ಲೋಸಾನ್‌ನ ತಂಡ ಅಳವಡಿಸಿತು. ತರಬೇತಿಯ ಬಳಿಕ ಅವರು ಸಾಧನ ಆರಿಸಿದಾಗಲೂ ಊರುಗೋಲು ಹಿಡಿದು ನಡೆದರು ಎಂದು 2023ರ ‘ನೇಚರ್’ ವರದಿ ಹೇಳುತ್ತದೆ. ಪೆಟ್ಟು ಬಿದ್ದರೂ ಹಲವರಲ್ಲಿ ಒಂದಷ್ಟು ನರತಂತುಗಳು ಉಳಿದಿರುತ್ತವೆ. ಪ್ರಚೋದನೆಯೂ ವ್ಯಾಯಾಮವೂ ಅವನ್ನು ದುಡಿಸುತ್ತವೆ.

ಒಬ್ಬರ ಉದಾಹರಣೆ ಸಾಲದೇ? 2024ರ ‘ನೇಚರ್ ಮೆಡಿಸಿನ್’ ನೋಡಲಿ. ಕೈಗಳ ಬಲ ಕುಂದಿದ್ದ 60 ಮಂದಿಗೆ ಎರಡು ತಿಂಗಳು ಬರೀ ವ್ಯಾಯಾಮ, ಮತ್ತೆರಡು ತಿಂಗಳು ವ್ಯಾಯಾಮದೊಂದಿಗೆ ಕುತ್ತಿಗೆಯ ಚರ್ಮದ ಮೇಲಿಂದ ವಿದ್ಯುತ್ ಪ್ರಚೋದನೆ. ಶಸ್ತ್ರಚಿಕಿತ್ಸೆ ಇಲ್ಲ. ಶೇ. 72 ಮಂದಿಯಲ್ಲಿ ಕೈಯ ಬಲವೂ ಬಳಕೆಯೂ ಸುಧಾರಿಸಿದವು. ಪೆಟ್ಟಾಗಿ 34 ವರ್ಷ ಕಳೆದವರಿಗೂ ಪ್ರಯೋಜನವಾಯಿತು.

ಈ ಪ್ರಯೋಗದಲ್ಲಿ ಹುಸಿ ಪ್ರಚೋದನೆ ಪಡೆದ ಹೋಲಿಕೆಯ ಗುಂಪು ಇರಲಿಲ್ಲ, ನಿಜ. ಇದು ಪೂರ್ಣ ಗುಣವೂ ಅಲ್ಲ. ಆದರೆ ತಾನೇ ಲೋಟ ಹಿಡಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಸಣ್ಣ ಸಂಗತಿಯೇ?

ಗಾಲಿಕುರ್ಚಿ, ಇಳಿಜಾರು ದಾರಿ ಬೇಕೆಂಬ ಲೇಖಕರ ಒತ್ತಾಯ ನ್ಯಾಯವಾದದ್ದು. ಅದಕ್ಕಾಗಿ ಸಂಶೋಧನೆಯ ಹಣ ಕಡಿತಗೊಳಿಸಬೇಕೆಂಬುದು ಅನ್ಯಾಯ. ಸರ್ಕಾರಗಳು ಎರಡಕ್ಕೂ ಹಣ ಕೊಡಲಿ.