ರೇಟ್ ಬಿಡಿ, ಸಿಕ್ಕಿದ್ದೆಲ್ಲಿ ಹೇಳಿ

ನಮ್ಮ ಬ್ಯಾಡರಹಳ್ಳಿಯಲ್ಲಿ ಪಾಯ ತೋಡುವಾಗ ಹಳೇ ಬಿಲ್ಲೆ ಸಿಕ್ಕರೆ ಸಾಕು, ಹುಣಸೆಹಣ್ಣು ಹಾಕಿ ಉಜ್ಜಿ ನನಗೆ ಫೋಟೋ ಕಳಿಸ್ತಾರೆ: "ಇಂಜಿನಿಯರ್ ಅಲ್ವಾ, ಎಷ್ಟು ಬರುತ್ತೆ ಹೇಳು ಗುರೂ!" ರಾಮ ಸೀತೆಯರ ಚಿತ್ರದ 1818ರ ನಾಣ್ಯಕ್ಕೆ ಲಕ್ಷಗಟ್ಟಲೆಯಂತೆ. ಈಸ್ಟ್ ಇಂಡಿಯಾ ಕಂಪನಿ ಅದನ್ನ ಹೊರಡಿಸಿಯೇ ಇಲ್ಲ ಸ್ವಾಮಿ!

ಈಗ ಮೆಟಲ್ ಡಿಟೆಕ್ಟರ್ ಬೇರೆ. ಅದು ಲೋಹ ಇದೆ ಅಂತ ಕೂಗುತ್ತೆ ಅಷ್ಟೇ. ಕಾಲ ಹೇಳಬೇಕಾದ್ದು ಸುತ್ತಲ ಮಣ್ಣು, ಮಡಕೆ ಚೂರು. ಅದನ್ನ ಕೆದಕಿ ಬಿಸಾಕಿದ ಮೇಲೆ ಯಾರನ್ನ ಕೇಳ್ತೀರಿ?

1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್... ಅದನ್ನ ಅಚ್ಚು ನೋಡಿಯೇ ಹೇಳಬಹುದು. ಆದರೆ ಸಿಕ್ಕ ಜಾಗ ಬರೆದಿಟ್ಟಿದ್ದಕ್ಕೇ ಅವು ಬೆಂಗಳೂರಿನ ಚರಿತ್ರೆಯಾದವು. ಇಲ್ಲದಿದ್ದರೆ ಯಾವುದೋ ಶೋಕೇಸಿನ ಬೆಳ್ಳಿ.

ಇನ್ನು ಸಿಕ್ಕರೆ ಉಜ್ಜಬೇಡಿ, ಡೀಸಿ ಕಚೇರಿಗೆ ತಿಳಿಸಿ. ನನಗೆ ಫೋಟೋ ಆಮೇಲೆ ಕಳಿಸಿ.