ತರಗತಿಗೆ ಬಂದ ಷೆರ್ಲಾಕ್ ಹೋಮ್ಸ್: ಸೂತ್ರ ಕಲಿತರೆ ಸಾಕೇ?

ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿ ಮೇಷ್ಟರಿಂದ ಬೈಸಿಕೊಂಡ ತಲೆಮಾರು ನಮ್ಮಲ್ಲಿದೆ. ಇಂಗ್ಲೆಂಡಿನಲ್ಲಿ ಅಂಥ ಕಾದಂಬರಿಯೇ ಪಠ್ಯವಾಗಿದೆ. 2015ರಲ್ಲಿ ಬೋಧನೆ ಆರಂಭವಾದ ಜಿಸಿಎಸ್‌ಇ ಇಂಗ್ಲಿಷ್ ಸಾಹಿತ್ಯ ಪಠ್ಯಕ್ರಮದಲ್ಲಿ ಎಕ್ಯೂಎ ಪರೀಕ್ಷಾ ಮಂಡಳಿಯು 19ನೇ ಶತಮಾನದ ಕಾದಂಬರಿಗಳ ಪಟ್ಟಿಗೆ ಆರ್ಥರ್ ಕಾನನ್ ಡಾಯ್ಲ್ ಅವರ ‘ದಿ ಸೈನ್ ಆಫ್ ಫೋರ್’ (1890) ಕೃತಿಯನ್ನು ಸೇರಿಸಿತು. ಇದು ಸ್ವಾಗತಾರ್ಹ. ಆದರೆ ಬೋಧಿಸುವ ಬಗೆ ಹೇಗಿರಬೇಕು ಎಂಬುದು ಮುಖ್ಯ ಪ್ರಶ್ನೆ.

ಒಳಗಿನಿಂದ ಬೀಗ ಬಿದ್ದ ಕೋಣೆಯಲ್ಲಿ ಶವ, ಚಾಣಾಕ್ಷ ಪತ್ತೇದಾರ, ಕಥೆ ಹೇಳುವ ಗೆಳೆಯ, ತಪ್ಪು ವ್ಯಕ್ತಿಯನ್ನು ಬಂಧಿಸುವ ಪೊಲೀಸ್ ಅಧಿಕಾರಿ ಇವೆಲ್ಲ ಈ ಪ್ರಕಾರದ ಲಕ್ಷಣಗಳು. ಪುಸ್ತಕ ನೋಡದೆ ಉತ್ತರಿಸಬೇಕಾದ ಪರೀಕ್ಷೆಗೆ ಇವನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಲಕ್ಷಣಗಳು ಶಾಸನಗಳಲ್ಲ. ಸುಳಿವುಗಳನ್ನೆಲ್ಲ ಓದುಗನ ಮುಂದಿಡಬೇಕೆಂಬ ನಿಯಮವನ್ನು ರೊನಾಲ್ಡ್ ನಾಕ್ಸ್ ತಮ್ಮ ದಶಸೂತ್ರಗಳಲ್ಲಿ ಸೇರಿಸಿದ್ದು 1929ರಲ್ಲಿ. ಡಾಯ್ಲ್ ಕೃತಿಯಲ್ಲಾದರೋ ನಿಧಿಯ ಪೂರ್ವಕಥೆ ಬಹುಪಾಲು ತಿಳಿಯುವುದು ಕೊನೆಯ ತಪ್ಪೊಪ್ಪಿಗೆಯಲ್ಲೇ.

ಭಾರತೀಯ ಓದುಗರಿಗೆ ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಕಥೆಯ ಬೇರು ಇರುವುದು 1857ರ ದಂಗೆಯ ಕಾಲದ ಆಗ್ರಾ ಕೋಟೆಯಲ್ಲಿ ಹಾಗೂ ಅಂಡಮಾನಿನ ಕೈದಿಗಳ ನೆಲೆಯಲ್ಲಿ. ಅಂಡಮಾನಿನ ಮೂಲನಿವಾಸಿ ಟೋಂಗಾನನ್ನು ಕಾದಂಬರಿ ವಿಷದ ಮುಳ್ಳು ಊದುವ ಕ್ರೂರ ಜೀವಿಯಂತೆ ಚಿತ್ರಿಸುತ್ತದೆ. ಬೂದಿಯ ಗುರುತನ್ನೂ ಬಿಡದೆ ಪರೀಕ್ಷಿಸುವ ಹೋಮ್ಸ್, ದ್ವೀಪವಾಸಿಗಳ ಬಗ್ಗೆ ಮಾತ್ರ ಗೆಜೆಟಿಯರ್ ಒಂದರ ವರ್ಣನೆಯನ್ನು ಪ್ರಶ್ನಿಸದೆ ಒಪ್ಪುತ್ತಾನೆ. ಟೋಂಗಾಗೆ ತನ್ನ ಮಾತು ಹೇಳಿಕೊಳ್ಳುವ ಅವಕಾಶ ಕಥೆಯಲ್ಲಿ ಸಿಗುವುದೇ ಇಲ್ಲ.

ಪಟ್ಟಿಯಿಂದ ಈ ಕೃತಿಯನ್ನು ಕಿತ್ತುಹಾಕುವುದು ಇದಕ್ಕೆ ಪರಿಹಾರವಲ್ಲ. ಹೋಮ್ಸ್‌ನ ವಿಧಾನವನ್ನು ಹೋಮ್ಸ್‌ನ ಮೇಲೆಯೇ ಪ್ರಯೋಗಿಸಲು ಮಕ್ಕಳಿಗೆ ಕಲಿಸಬೇಕು. ಈ ವರ್ಣನೆಗೆ ಸಾಕ್ಷ್ಯವೇನು? ಅದನ್ನು ಬರೆದವರು ಯಾರು? ಇದರಿಂದ ಯಾರಿಗೆ ಲಾಭ?

ಇಂಗ್ಲೆಂಡ್ ಸರಕಾರ 2024ರಲ್ಲಿ ಆರಂಭಿಸಿದ ಪಠ್ಯಕ್ರಮ ಪರಾಮರ್ಶೆಯ ಅಂತಿಮ ವರದಿ 2025ರ ನವೆಂಬರ್‌ನಲ್ಲಿ ಹೊರಬಿತ್ತು. ಪಟ್ಟಿಯಲ್ಲಿ ಯಾವ ಪುಸ್ತಕ ಇರಬೇಕೆಂಬ ಚರ್ಚೆ ಇಂಥ ಸಂದರ್ಭಗಳಲ್ಲಿ ಸಹಜ. ಅದನ್ನು ಹೇಗೆ ಓದಿಸಬೇಕೆಂಬ ಚರ್ಚೆಯೂ ಅಷ್ಟೇ ಅಗತ್ಯ. ಅಚ್ಚಾದ ಮಾತನ್ನೂ ಅನುಮಾನಿಸಿ ಪರಿಶೀಲಿಸುವ ಅಭ್ಯಾಸ ಹದಿನೈದರ ವಯಸ್ಸಿನಲ್ಲಿ ಬಂದರೆ, ಅದು ಪರೀಕ್ಷೆ ಮುಗಿದ ಮೇಲೂ ಉಪಯೋಗಕ್ಕೆ ಬರುತ್ತದೆ.